ಬೀಗದ ಕೈ ಬಗ್ಗೆ ಬರೆದವರು ಯಾರು

ಫೆಬ್ರುವರಿ 10, ಸೋಮವಾರ

ಮೂರನೆಯ ಪೀರಿಯಡ್ ಮುಗಿಸಿ ಬರುವಾಗ ಪ್ರಿನ್ಸಿಪಾಲರ ಕೋಣೆಯಿಂದ ಕರೆ ಬಂತು. ಅತಿಥಿ ಉಪನ್ಯಾಸಕಿಗೆ ಅಂಥ ಕರೆ ವರ್ಷಕ್ಕೊಮ್ಮೆ, ಜೂನ್ ತಿಂಗಳಲ್ಲಿ, ಆದೇಶದ ಕಾಗದ ಕೊಡುವಾಗ ಮಾತ್ರ ಬರುವುದು. ನನಗೆ ಇಲ್ಲಿ ಇದು ಹನ್ನೊಂದನೆಯ ವರ್ಷ. ಸೆರಗು ಸರಿ ಮಾಡಿಕೊಂಡು ಹೋದೆ.

ಪ್ರಿನ್ಸಿಪಾಲ್ ಚಲಪತಿ ಸರ್ ಅವರ ಮೇಜಿನ ಮೇಲೆ ‘ಗಣಿದೀಪ’ ಹರಡಿಕೊಂಡಿತ್ತು. ನಮ್ಮ ವಿದ್ಯಾರ್ಥಿಗಳು ತಿಂಗಳಿಗೊಮ್ಮೆ ಹೊರತರುವ ನಾಲ್ಕು ಪುಟದ ಪತ್ರಿಕೆ. ರಾಬರ್ಟ್‌ಸನ್‌ಪೇಟೆಯ ಒಂದು ಪ್ರೆಸ್ಸಿನಲ್ಲಿ ಅಚ್ಚಾಗುತ್ತದೆ. ಕವಿತೆ, ಕ್ರೀಡಾದಿನದ ಫೋಟೊ, ಅಡುಗೆ ಟಿಪ್ಸು ಇಷ್ಟೇ ಇರುತ್ತಿದ್ದ ಅದರ ಎರಡನೆಯ ಪುಟದಲ್ಲಿ ಈ ಸಲ ಒಂದು ಅಭಿಪ್ರಾಯ ಲೇಖನ. ಅದರ ಸುತ್ತ ಕೆಂಪು ಗೆರೆ.

“ಓದಿದ್ರಾ ಮೇಡಂ?”

“ಇಲ್ಲ ಸರ್.”

“ಓದಿ. ಹುಡುಗಿಯರ ಟಾಯ್ಲೆಟ್ ಬೀಗದ ಬಗ್ಗೆ ಇದೆ. ಮುಂದಿನ ತಿಂಗಳು ತಪಾಸಣಾ ಸಮಿತಿ ಬರ್ತಿದೆ, ಇಂಥ ಹೊತ್ತಲ್ಲಿ ಇದು. ಎರಡನೇ ಬಿ.ಎ. ಅರ್ಚನ ಅಂತ ಹೆಸರು ಹಾಕ್ಕೊಂಡಿದ್ದಾಳೆ, ಪತ್ರಿಕೆ ಸಂಪಾದಕಿ. ಉರಿಗಾಂ ಹುಡುಗಿ, ಮನೇಲಿ ತಮಿಳು. ಆಡಳಿತ ಮಂಡಳಿ ಕಾರ್ಯದರ್ಶಿಗಳ ಪ್ರಕಾರ ಇದು ಆ ಹುಡುಗಿ ಕೈಲಾಗೋ ಬರವಣಿಗೆ ಅಲ್ಲ. ಅಲ್ಲಿ ಕುಪ್ಪುಸ್ವಾಮಿ ಅಂತ ಹಳೇ ಯೂನಿಯನ್ ಮನುಷ್ಯ ಇದ್ದಾನಂತೆ, ಅವನೇ ಬರ್ಕೊಟ್ಟಿದ್ದು ಅಂತಾರೆ. ನೀವು ಕನ್ನಡದವರು. ಭಾಷೆ, ಶೈಲಿ, ವಾದ ಹೂಡಿರೋ ರೀತಿ ಎಲ್ಲ ನೋಡಿ ಒಂದು ವರದಿ ಕೊಡಿ.”

ಬೇರೆಯವರ ಬರಹವೆಂದಾದರೆ ಆಕೆಗೆ ಏನಾಗುತ್ತದೆ ಎಂದೆ. ಒಂದು ಸೆಮಿಸ್ಟರ್ ಸಸ್ಪೆಂಡ್ ಎಂದರು. ಬಾಗಿಲವರೆಗೆ ಹೋದ ಮೇಲೆ, ನಾನು ಕೇಳದಿದ್ದರೂ, “ಅತಿಥಿ ಉಪನ್ಯಾಸಕರ ಜೂನ್ ಪಟ್ಟಿ ಕಾರ್ಯದರ್ಶಿಗಳೇ ನೋಡ್ತಾರೆ ಮೇಡಂ” ಎಂದರು.

ಮಾತು ಹಿತವೆನಿಸಲಿಲ್ಲ. ಆದರೂ ಹನ್ನೊಂದು ವರ್ಷದಲ್ಲಿ ಮೊದಲ ಸಲ ಯಾರೋ ನನ್ನ ವಿಷಯಕ್ಕೆ ಬೆಲೆ ಕೊಟ್ಟರು ಅನಿಸಿತು. ವರದಿ ಚೆನ್ನಾಗಿ ಬರೆಯಬೇಕು.

ಬಂಗಾರಪೇಟೆ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಮನೆಗೆ ಬಂದು ಎರಡು ಚೊಂಬು ನೀರು ಕುಡಿದ ಮೇಲೆ ತಲೆನೋವು ಇಳಿಯಿತು. ದಿನಾ ಹೀಗೇ.

ಫೆಬ್ರುವರಿ 11, ಮಂಗಳವಾರ

ಬಸ್ಸಿನಲ್ಲೇ ಓದಿದೆ. ಶೀರ್ಷಿಕೆ: ‘ಬೀಗದ ಕೈ ಯಾರ ಹತ್ತಿರ ಕೇಳಬೇಕು?’

ಆರಂಭ ಹೀಗಿದೆ: “ನಮ್ಮ ಕಾಲೇಜಿನಲ್ಲಿ ನಾನೂರ ಹನ್ನೆರಡು ಹುಡುಗಿಯರಿದ್ದೇವೆ. ಜನವರಿ ತಿಂಗಳಲ್ಲಿ ಕೀ ರಿಜಿಸ್ಟರಿನಲ್ಲಿ ಬಿದ್ದ ಸಹಿಗಳು ಹತ್ತೊಂಬತ್ತು. ಉಳಿದವರಿಗೆ ಅಗತ್ಯವೇ ಬೀಳಲಿಲ್ಲವೆ?”

ಹುಡುಗಿಯರ ಟಾಯ್ಲೆಟ್ಟಿಗೆ ಬೀಗ ಹಾಕಿ ಕೀ ಆಫೀಸಿನಲ್ಲಿ ಇಟ್ಟಿದ್ದಾರೆ. ಬೇಕಾದವರು ಸೂಪರಿಂಟೆಂಡೆಂಟ್ ಮುನೇಶ್ ಅವರ ಮೇಜಿನ ಮುಂದೆ ನಿಂತು, ರಿಜಿಸ್ಟರಿನಲ್ಲಿ ಹೆಸರು ಬರೆದು, ಸಹಿ ಹಾಕಿ ಒಯ್ಯಬೇಕು. ಲೇಡೀಸ್ ಸ್ಟಾಫಿಗೂ ಅದೇ. ಬಹಳ ವರ್ಷದಿಂದ ನಡೆದುಬಂದ ಕ್ರಮ. ಅದರಲ್ಲಿ ಬರೆಯುವಂಥದ್ದು ಏನಿದೆ ಎಂದು ನನಗೆ ಗೊತ್ತಾಗಲಿಲ್ಲ.

ನನ್ನ ಮೊದಲ ಅಭಿಪ್ರಾಯ: ಇದು ವಿದ್ಯಾರ್ಥಿಯ ಬರಹವಲ್ಲ. ವಿದ್ಯಾರ್ಥಿಗಳು ‘ಇಂದಿನ ಆಧುನಿಕ ಯುಗದಲ್ಲಿ’ ಎಂದು ಶುರು ಮಾಡುತ್ತಾರೆ. ಇಲ್ಲಿ ಬರೆದವರು ಎರಡು ಅಂಕಿ ಇಟ್ಟು ಸುಮ್ಮನಾಗಿದ್ದಾರೆ. ಎರಡೂ ಅಂಕಿಗಳ ನಡುವಿನ ಜಾಗದಲ್ಲಿ ಓದುವವನು ತಾನೇ ಬೀಳಬೇಕು. ಪಳಗಿದ ಕೈಯ ಕೆಲಸ.

ಫೆಬ್ರುವರಿ 13, ಗುರುವಾರ

ವರದಿಗೆ ಟಿಪ್ಪಣಿ ಮಾಡುತ್ತಿದ್ದೇನೆ. ಮೂರನೆಯ ಪ್ಯಾರಾ:

“ಆಫೀಸಿನವರೂ ಸುಮ್ಮನೆ ಬೀಗ ಹಾಕಲಿಲ್ಲ. ನಲ್ಲಿ ಕದ್ದುಕೊಂಡು ಹೋದರು, ಟ್ಯಾಂಕರ್ ನೀರು ವಾರಕ್ಕೆ ಎರಡೇ ಸಲ ಬರುತ್ತದೆ. ಇದೆಲ್ಲ ನಿಜ. ಆದರೆ ನಲ್ಲಿ ಕದ್ದವರು ನಾವಲ್ಲ, ಬೀಗ ಬಿದ್ದದ್ದು ನಮಗೆ.”

ಎದುರಿನವರು ಹೇಳಬಹುದಾದದ್ದನ್ನೆಲ್ಲ ತಾನೇ ಮೊದಲು ಹೇಳಿ, ಅವರ ಬಾಯಿಗೆ ಬಟ್ಟೆ ತುರುಕುವ ತಂತ್ರ. ಇದನ್ನು ನಾನು ಯಾವ ತರಗತಿಯಲ್ಲೂ ಕಲಿಸಿಲ್ಲ. ಯೂನಿಯನ್ನಿನವರು ಗೇಟ್ ಮೀಟಿಂಗಿನಲ್ಲಿ ಆಡುವ ಮಾತು ಹೀಗಿರುತ್ತದೆ.

ಐದನೆಯ ಪ್ಯಾರಾ: “ಬಸ್ಸು ಹತ್ತುವ ಮೊದಲು ನೀರು ಕುಡಿಯುವುದಿಲ್ಲ. ಬಸ್ಸು ಇಳಿದ ಮೇಲೂ ಕುಡಿಯುವುದಿಲ್ಲ. ಬಾಯಾರಿಕೆ ಎತ್ತಿದರೂ ಕುಡಿಯುವುದಿಲ್ಲ. ಊಟ ಗಂಟಲಲ್ಲಿ ನಿಂತರೂ ಕುಡಿಯುವುದಿಲ್ಲ.” ಪುನರುಕ್ತಿ. ಹೊಡೆತ ಒಂದೇ ಜಾಗಕ್ಕೆ ಬೀಳುತ್ತದೆ.

ಅದರ ಕೆಳಗೆ: “ನಮ್ಮ ಮೇಡಂ ಒಬ್ಬರು ಹನ್ನೊಂದು ವರ್ಷದಿಂದ ಇಲ್ಲಿ ಪಾಠ ಹೇಳುತ್ತಿದ್ದಾರೆ. ಅವರು ಕಾಲೇಜಿನಲ್ಲಿ ಒಂದು ಲೋಟ ನೀರು ಕುಡಿದದ್ದನ್ನು ಯಾರೂ ನೋಡಿಲ್ಲ. ಅವರು ಕೇಳಲಿಲ್ಲ. ಅದಕ್ಕೇ ನಾವು ಕೇಳುತ್ತಿದ್ದೇವೆ.”

ಅಂಚಿನಲ್ಲಿ ‘ಉತ್ಪ್ರೇಕ್ಷೆ’ ಎಂದು ಬರೆದೆ. ಯಾವ ಮೇಡಂ ಎಂದು ಹೇಳಿಲ್ಲ. ಹೆಸರಿಲ್ಲದ ಸಾಕ್ಷಿ ದುರ್ಬಲ ಸಾಕ್ಷಿ. ಓದುಗರ ಕರುಳು ಹಿಂಡುವುದಕ್ಕೆ ಕಟ್ಟಿದ್ದು.

ಫೆಬ್ರುವರಿ 16, ಭಾನುವಾರ

ಬೆಳಿಗ್ಗೆ ಅತ್ತೆ ಹಾಲು ಕರೆಯುವಾಗ ಕೊಟ್ಟಿಗೆಯ ಕಟ್ಟೆಯ ಮೇಲೆ ಕೂತು ಲೇಖನವನ್ನು ಮತ್ತೆ ಓದುತ್ತಿದ್ದೆ. ಬಾಯಿಬಿಟ್ಟು ಓದುತ್ತಿದ್ದೆನೆಂದು ತೋರುತ್ತದೆ. ಅತ್ತೆ ದೊಡ್ಡಮುನಿಯಮ್ಮನಿಗೆ ಅಕ್ಷರ ಬಾರದು, ಕಿವಿ ಮಾತ್ರ ಬಲು ಚುರುಕು. ಬಾಯಾರಿಕೆಯ ಸಾಲಿಗೆ ಬಂದಾಗ ಕರೆಯುವ ಕೈ ನಿಂತಿತು.

“ಅದೇನಮ್ಮಾ ಬಾಯಾರಿಕೆ ಎತ್ತೋದು? ನಮ್ ಕಡೆ ಅಂಗಂತಾರಾ?”

ಅನ್ನುವುದಿಲ್ಲ. ನಾವು ‘ಬಾಯಾರಿಕೆ ಆಯ್ತು’ ಅನ್ನುತ್ತೇವೆ. ನಾನು ನಾಲ್ಕು ಸಲ ಓದಿಯೂ ನಿಲ್ಲದೆ ದಾಟಿಹೋದ ಪದ. ತಮಿಳಿನಲ್ಲಿ ‘ದಾಗಂ ಎಡುಕ್ಕುದು’ ಅನ್ನುತ್ತಾರೆ. ಸ್ಟಾಫ್ ರೂಮಿನಲ್ಲೂ ಬಸ್ಸಿನಲ್ಲೂ ಎಷ್ಟು ಸಲ ಕೇಳಿದ್ದೇನೆ. ತಮಿಳಿನಲ್ಲಿ ಯೋಚಿಸಿ ಕನ್ನಡದಲ್ಲಿ ಬರೆದವರ ಕೈಯಿಂದ ಮಾತ್ರ ಬರುವ ಮಾತದು.

“ಬೇರೆಯವರದ್ದನ್ನು ಕದ್ದು ಬರೆದಿದ್ದಾಳೆ ಅಂತ ಹೇಳ್ತಾರೆ ಅತ್ತೆ.”

“ಕಳ್ಳ ಅಸು ಒಡ್ಕೊಂಡೋಗ್ಬೋದು. ಅದ್ರ ನಡಿಗೆ ಬದ್ಲಾಯ್ಸಕ್ಕಾಯ್ತದಾ?” ಎಂದು ಮತ್ತೆ ಕರೆಯಲು ಶುರು ಮಾಡಿದರು. ಮುಂದಿನ ಪ್ಯಾರಾ ಓದಿದೆ. ಚೊಂಬು ಕೆಳಗಿಟ್ಟು ನನ್ನ ಮುಖ ನೋಡಿದರು.

“ಈ ಮೇಡಮ್ಮು ನೀನೇ ಅಲ್ವಾ?”

“ಯಾರೋ ಇರಬೇಕು.”

“ಯಾರೋ ಯಾಕಿರ್ತಾರೆ? ದಿನಾ ಸಂಜೆ ಬಂದೋಳು ಚಪ್ಲಿ ಬಿಡೋಕೆ ಮುಂಚೆ ಎಮ್ಮೆ ಕುಡ್ದಂಗೆ ನೀರು ಕುಡಿತೀಯ. ನಾನು ನೋಡಿಲ್ವಾ?”

ಒಳಗೆ ಕೆಲಸವಿತ್ತು, ಎದ್ದು ಬಂದೆ.

ಫೆಬ್ರುವರಿ 18, ಮಂಗಳವಾರ

ವರದಿ ಪ್ರಾಮಾಣಿಕವಾಗಿರಬೇಕಾದರೆ ಕುಪ್ಪುಸ್ವಾಮಿ ಎಂಬವರನ್ನು ನೋಡಲೇಬೇಕು. ಮಧ್ಯಾಹ್ನ ಎರಡು ಪೀರಿಯಡ್ ಬಿಡುವಿತ್ತು. ಅರ್ಚನಳನ್ನು ಕರೆದು, “ನಿಮ್ಮ ಮನೆ ಕಡೆ ಹೋಗಿಬರೋಣ” ಎಂದೆ. ಅವಳು ಏನನ್ನೂ ಕೇಳದೆ ಬ್ಯಾಗ್ ಹೆಗಲಿಗೇರಿಸಿದಳು. ಆಟೋದಲ್ಲಿ ಉರಿಗಾಂಗೆ ಹೋದೆವು. ಸಣ್ಣ ಮೈಕಟ್ಟಿನ ಹುಡುಗಿ, ಉಗುರು ಕಚ್ಚುವ ಅಭ್ಯಾಸ.

ಗಣಿ ಕಾಲದಲ್ಲಿ ಕಾರ್ಮಿಕರಿಗೆಂದು ಸಾಲಾಗಿ ಕಟ್ಟಿಸಿದ ಲೈನ್ ಮನೆಗಳು. ಬಾಗಿಲಿಗೊಂದು ತಗಡಿನ ಚಪ್ಪರ. ಅವಳ ಅಪ್ಪ ಸೆಲ್ವರಾಜ್ ಬೆಳಗಿನ ರೈಲಿಗೇ ಬೆಂಗಳೂರಿಗೆ ಕೆಲಸಕ್ಕೆ ಹೋಗಿಯಾಗಿತ್ತು. ಪಕ್ಕದ ಮನೆಯೇ ಕುಪ್ಪುಸ್ವಾಮಿಯವರದ್ದು. ಎಂಬತ್ತರ ಹತ್ತಿರದ ಮನುಷ್ಯ, ಮೂವತ್ತು ವರ್ಷ ಮೈಸೂರು ಮೈನ್ಸ್ ಎಂಬ ಇಲ್ಲಿಯ ಚಿನ್ನದ ಗಣಿಯಲ್ಲಿ ಭೂಮಿಯ ಕೆಳಗೆ ದುಡಿದವರು. ಪ್ರತಿ ನಾಲ್ಕು ಮಾತಿಗೆ ಒಮ್ಮೆ ಕೆಮ್ಮು.

“ವಾಂಗಮ್ಮಾ, ಉಕ್ಕಾರುಂಗ” ಎಂದು ಕುರ್ಚಿ ಒರೆಸಿಕೊಟ್ಟರು. ಲೇಖನವನ್ನು ಅವರ ಕೈಗೆ ಕೊಟ್ಟೆ. ದೂರ ಹಿಡಿದರು, ಹತ್ತಿರ ಹಿಡಿದರು, ವಾಪಸ್ ಕೊಟ್ಟರು.

“ಕನ್ನಡ ಓದಕ್ಕೆ ಬರಲ್ಲಮ್ಮಾ. ಬಸ್ ಬೋರ್ಡ್ ಓದ್ತೀನಿ, ಅಷ್ಟೇ. ತಮಿಳ್ ಆದ್ರೆ ಕೊಡಿ.”

ನಗು ಬಂತು. ಒಂದು ವಾರದಿಂದ ನಾನು ಇವರ ಶೈಲಿಯನ್ನು ಹುಡುಕುತ್ತಿದ್ದೆ.

ಆದರೆ ಅಷ್ಟಕ್ಕೇ ಮುಗಿಯಲಿಲ್ಲ. ಎದುರಿನವರ ಮಾತನ್ನು ತಾವೇ ಮೊದಲು ಹೇಳುವುದು ಎಲ್ಲಿಂದ ಬಂತು ಎಂದು ಅರ್ಚನಳನ್ನು ಕೇಳಿದೆ. ಅವಳು ಅವರ ಕಡೆ ಕೈ ತೋರಿಸಿದಳು.

“ತಾತ ಹೇಳ್ತಾ ಇರ್ತಾರೆ ಮೇಡಂ. ನಾನು ಮೊದಲು ಬರೆದಾಗ ಬರೀ ಬೈಗುಳ ಇತ್ತು. ಇವರ ಹತ್ತಿರ ಓದಿ ಹೇಳಿದೆ. ಬೈದ್ರೆ ಅವನು ಬೈಗುಳಕ್ಕೆ ಉತ್ತರ ಕೊಡ್ತಾನೆ, ಬೀಗಕ್ಕೆ ಕೊಡಲ್ಲ ಅಂದ್ರು. ಅವನ ಕಷ್ಟ ನೀನೇ ಹೇಳ್ಬಿಡು, ಅವನ ಹತ್ತಿರ ಹೇಳಕ್ಕೆ ಏನೂ ಉಳಿಯಬಾರದು ಅಂದ್ರು.”

“ಮ್ಯಾನೇಜ್‌ಮೆಂಟ್ ಜೊತೆ ಮಾತಾಡಿದ್ದು ಎಷ್ಟು ವರ್ಷ” ಎಂದು ಮುದುಕ ಕೆಮ್ಮಿದರು. “ಒಂದು ಸಲ ಸೋತ್ರೆ ಒಂದು ಕಲೀತೀವಿ. ನಾನು ಜಾಸ್ತಿ ಸೋತಿದೀನಿ.”

ಅರ್ಚನ ಪಕ್ಕದ ತನ್ನ ಮನೆಯಿಂದ ನೋಟ್‌ಬುಕ್ ತಂದಳು. ಮೂರು ಕರಡುಗಳು. ಮೊದಲನೆಯದರಲ್ಲಿ ‘ವಿದ್ಯಾರ್ತಿನಿ’, ‘ಪ್ರಾದ್ಯಾಪಕರು’. ತಮಿಳು ಮನೆಯ ಮಕ್ಕಳು ಮಾಡುವ ಮಹಾಪ್ರಾಣದ ತಪ್ಪುಗಳೇ. ಮೂರನೆಯದರಲ್ಲಿ ಕೆಲವನ್ನು ತಿದ್ದಿಕೊಂಡಿದ್ದಾಳೆ, ಪಕ್ಕದಲ್ಲಿ ಪೆನ್ಸಿಲಿನಲ್ಲಿ ‘ಸುಮಲತ ಮೇಡಂ ನೋಟ್ಸ್, ಪುಟ 14’ ಎಂದಿದೆ.

ಅವಳ ಅಜ್ಜಿ ತಂದಿಟ್ಟ ಲೋಟದ ನೀರನ್ನು ನಾನು ಮುಟ್ಟಿರಲಿಲ್ಲ. ಅರ್ಚನ ಅದನ್ನೇ ನೋಡುತ್ತಿದ್ದಳು. “ಇಲ್ಲಿ ಬೀಗ ಇಲ್ಲ ಮೇಡಂ” ಎಂದಳು ಮೆಲ್ಲಗೆ. ಕುಡಿದೆ.

ಫೆಬ್ರುವರಿ 20, ಗುರುವಾರ

ಹತ್ತೊಂಬತ್ತು ಸಹಿ ಎಂದಿದ್ದಾಳಲ್ಲ, ನೋಡೋಣವೆಂದು ಮುನೇಶ್ ಅವರ ಬಳಿ ರಿಜಿಸ್ಟರ್ ಕೇಳಿದೆ. ಪ್ರಿನ್ಸಿಪಾಲರು ಹೇಳಿದ ಕೆಲಸವೆಂದು ಕೊಟ್ಟರು. ಜನವರಿ ತಿಂಗಳು ಎಣಿಸಿದೆ. ಹತ್ತೊಂಬತ್ತೇ.

ಸುಮ್ಮನೆ ಹಿಂದಿನ ಪುಟಗಳನ್ನೂ ತಿರುವಿದೆ. ಹಳೆಯ ರಿಜಿಸ್ಟರುಗಳನ್ನು ಬೀರುವಿನಿಂದ ತೆಗೆಸಿದೆ. 2014ರ ಆಗಸ್ಟ್ ತಿಂಗಳಲ್ಲಿ ನನ್ನ ಕೈಬರಹ. ಸುಮಲತ ಕೆ., ಕನ್ನಡ ವಿಭಾಗ, 11.40. ಕೆಲಸಕ್ಕೆ ಸೇರಿದ ಎರಡನೆಯ ತಿಂಗಳು. ಷರಾ ಎಂಬ ಅಂಕಣದಲ್ಲಿ ಬೇರೆ ಯಾರದೋ ಕೈಯಲ್ಲಿ: ‘12 ನಿಮಿಷ’. ಕೆಳಗೆ ಒಂದು ಪ್ರಶ್ನಾರ್ಥಕ ಚಿಹ್ನೆ.

ಮರೆತಿದ್ದೆನೆಂದುಕೊಂಡಿದ್ದೆ. ಅವತ್ತು ಕೀ ವಾಪಸ್ ಕೊಡುವಾಗ ಆಫೀಸಿನಲ್ಲಿ ನಾಲ್ಕು ಗಂಡಸರಿದ್ದರು. ಒಬ್ಬರು ಗೋಡೆ ಗಡಿಯಾರ ನೋಡಿದರು, ಇನ್ನೊಬ್ಬರು ನಕ್ಕರು.

ಅದಾದ ಮೇಲೆ ನನ್ನ ಹೆಸರು ಯಾವ ರಿಜಿಸ್ಟರಿನಲ್ಲೂ ಇಲ್ಲ. ಹನ್ನೊಂದು ವರ್ಷಕ್ಕೆ ಒಂದು ಸಹಿ.

‘ಉತ್ಪ್ರೇಕ್ಷೆ’ ಎಂಬುದನ್ನು ಹೊಡೆದುಹಾಕಿದೆ. ಪೆನ್ನಿನ ಮೊನೆಗೆ ಕಾಗದ ಹರಿಯಿತು.

ಫೆಬ್ರುವರಿ 24, ಸೋಮವಾರ

ವರದಿ ಕೊಟ್ಟೆ. ಆರು ಪುಟ. ಲೇಖನದ ಪ್ರತಿ ಪ್ಯಾರಾ ಹೇಗೆ ಓದುಗನನ್ನು ಒಪ್ಪಿಸುತ್ತದೆ, ಯಾವ ಅಂಕಿ ಎಲ್ಲಿಂದ ಬಂತು, ಯಾವ ಪದ ಯಾವ ಭಾಷೆಯ ಬಸಿರಿನಿಂದ ಬಂತು, ಎಲ್ಲ ಬರೆದಿದ್ದೇನೆ. ಕುಪ್ಪುಸ್ವಾಮಿಯವರು ಏನು ಹೇಳಿಕೊಟ್ಟರೆಂಬುದನ್ನೂ ಮುಚ್ಚಿಡಲಿಲ್ಲ. ಕೊನೆಯ ಸಾಲು: ‘ಈ ಲೇಖನ ಅರ್ಚನ ಎಸ್. ಬರೆದದ್ದೇ.’

ಚಲಪತಿ ಸರ್ ಕೊನೆಯ ಪುಟವನ್ನೇ ಮೊದಲು ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಇಷ್ಟು ಗಟ್ಟಿಯಾಗಿ ಬೇಕಾ ಮೇಡಂ? ‘ಖಚಿತವಾಗಿ ಹೇಳಲು ಬರುವುದಿಲ್ಲ’ ಅಂತ ಹಾಕಿ. ಸುಳ್ಳು ಹೇಳಿ ಅಂತಿಲ್ಲ ನಾನು. ಅನುಮಾನಕ್ಕೆ ಸ್ವಲ್ಪ ಜಾಗ ಇಡಿ ಅಷ್ಟೇ.”

“ನನಗೆ ಅನುಮಾನ ಇಲ್ಲ ಸರ್.”

“ಒಂದು ಸಾಲು ಮೇಡಂ.”

“ಒಂದೇ ಸಾಲಾದರೆ ಕಾರ್ಯದರ್ಶಿಗಳೇ ಬರೆದುಕೊಳ್ಳಲಿ. ನನ್ನ ಸಹಿಯ ಮೇಲೆ ಬೇಡ.”

ಅವರು ಮನುಷ್ಯ ಕೆಟ್ಟವರಲ್ಲ. ಮುಂದಿನ ವರ್ಷ ನಿವೃತ್ತಿ. ಅಲ್ಲಿಯವರೆಗೆ ಯಾವ ಕಾಗದವೂ ಶಬ್ದ ಮಾಡಬಾರದು ಅವರಿಗೆ. ಮಧ್ಯಾಹ್ನ ಆಫೀಸಿಗೆ ಹೋಗಿ ಹೆಸರು ಬರೆದು ಸಹಿ ಹಾಕಿ ಕೀ ತೆಗೆದುಕೊಂಡೆ. ಷರಾ ಅಂಕಣದಲ್ಲಿ ನಾನೇ ನಿಮಿಷ ಬರೆದೆ: 9. ಮುನೇಶ್ ಕತ್ತೆತ್ತಲಿಲ್ಲ.

ಫೆಬ್ರುವರಿ 25, ಮಂಗಳವಾರ

ನಮ್ಮವರಿಗೆ ವಿಷಯ ಗೊತ್ತಾಗಿದೆ. ಬಂಗಾರಪೇಟೆಯಲ್ಲಿ ಅವರದು ದನದ ಮೇವು, ಹಿಂಡಿ ಮಾರುವ ಅಂಗಡಿ. ಅಲ್ಲಿಗೆ ಬಂದ ಯಾರೋ ಹೇಳಿದ್ದಾರೆ. ಬೆಳಿಗ್ಗೆ ತಿಂಡಿಗೆ ಕೂತಾಗ ಕೇಳಿದರು.

“ಅವ್ರು ಏಳ್ದಂಗೆ ಒಂದ್ ಮಾತು ಬರ್ದ್ಕೊಟ್ಬಿಡೋದಲ್ವಾ? ಆ ಉಡ್ಗಿ ನಮ್ಗೇನ್ ನೆಂಟ್ರಾ?”

“ಅಲ್ಲ.”

“ಮತ್ತೆ?”

ಇಡ್ಲಿ ಬಡಿಸುತ್ತಿದ್ದ ಅತ್ತೆಯೇ ಹೇಳಿದರು: “ಇದ್ದದ್ದು ಇದ್ದಂಗೆ ಏಳಿದ್ರೆ ಎದ್ ಬಂದ್ ಎದೆಗ್ ಒದ್ರಂತೆ. ಒದೀಲಿ ಬುಡು ಅಶ್ವಥ. ನಿನ್ನೆ ಇವ್ಳು ಬಂದಾಗ ತಲೆನೋವು ಅನ್ನಲಿಲ್ಲ, ನೋಡ್ದಾ?”

ಅವರು ನೋಡಿರಲಿಲ್ಲ. ನಾನೂ ಗಮನಿಸಿರಲಿಲ್ಲ.

ಮಾರ್ಚ್ 1, ಶನಿವಾರ

ಇವತ್ತು ವಿಚಾರಣೆ. ಮರೆಯುವ ಮೊದಲೇ ಎಲ್ಲ ಬರೆದಿಡುತ್ತೇನೆ, ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತೇ ಬರೆಯುತ್ತಿದ್ದೇನೆ.

ಕಮಿಟಿ ಕೋಣೆಯಲ್ಲಿ ಆಡಳಿತ ಮಂಡಳಿಯ ಕಾರ್ಯದರ್ಶಿ, ಇನ್ನಿಬ್ಬರು ಸದಸ್ಯರು, ಚಲಪತಿ ಸರ್. ಗೋಡೆಯ ಪಕ್ಕ ಅರ್ಚನ. ಅವಳ ಜೊತೆ ಅವಳ ಅಪ್ಪ ಸೆಲ್ವರಾಜ್, ಕೆಲಸಕ್ಕೆ ರಜೆ ಹಾಕಿ ಬಂದಿದ್ದರು. ಇಸ್ತ್ರಿ ಅಂಗಿ, ಕೈಯಲ್ಲಿ ಮಡಿಚಿದ ಒಂದು ಕಾಗದ. ಇಬ್ಬರಿಗೂ ಯಾರೂ ಕುರ್ಚಿ ಕೊಟ್ಟಿರಲಿಲ್ಲ.

ಶುರುವಾಗುವ ಮೊದಲೇ ಸೆಲ್ವರಾಜ್ ಕಾಗದ ಮುಂದೆ ಚಾಚಿದರು. “ಸರ್, ನಮ್ ಪಾಪು ತಪ್ಪು ಮಾಡಿದ್ರೆ ನಾನು ಕ್ಷಮಾಪಣೆ ಬರ್ಸ್ಕೊಂಡ್ ಬಂದಿದೀನಿ.”

“ಅಪ್ಪಾ, ಸುಮ್ಮಾ ಇರುಂಗ” ಎಂದಳು ಅರ್ಚನ. ಕಾಗದವನ್ನು ಅಪ್ಪನ ಕೈಯಿಂದ ತೆಗೆದುಕೊಂಡು ತನ್ನ ಬ್ಯಾಗಿನೊಳಗೆ ಇಟ್ಟುಕೊಂಡಳು.

ನನ್ನ ವರದಿಯ ಸಾರಾಂಶ ಹೇಳಿ ಎಂದರು ಕಾರ್ಯದರ್ಶಿ. ಸಾರಾಂಶ ಹೇಳಲಿಲ್ಲ, ಪೂರ್ತಿ ಓದಿದೆ. ಎರಡನೆಯ ಪುಟಕ್ಕೆ ಅವರು ಗಡಿಯಾರ ನೋಡಿದರು. ಆರನೆಯ ಪುಟ ಮುಗಿಸಿದಾಗ ಒಬ್ಬ ಸದಸ್ಯರು ಮಾತ್ರ ನನ್ನ ಕಡೆ ನೋಡುತ್ತಿದ್ದರು.

“ಕುಪ್ಪುಸ್ವಾಮಿ ಹೇಳಿಕೊಟ್ಟಿದ್ದಾನೆ ಅಂತ ನೀವೇ ಬರೆದಿದ್ದೀರಿ” ಎಂದರು ಕಾರ್ಯದರ್ಶಿ. “ಅಲ್ಲಿಗೆ ಮುಗೀತಲ್ಲ.”

“ವಾದ ಮಾಡೋದನ್ನು ಅವರು ಹೇಳಿಕೊಟ್ಟಿದ್ದಾರೆ ಸರ್. ಒತ್ತಕ್ಷರ, ಮಹಾಪ್ರಾಣ ನಾನು ಹೇಳಿಕೊಟ್ಟಿದ್ದೇನೆ. ಕಲಿಸಿದವರೆಲ್ಲ ಬರೆದವರು ಅಂತಾದರೆ ಮೊದಲು ನನ್ನನ್ನು ಸಸ್ಪೆಂಡ್ ಮಾಡಬೇಕಾಗುತ್ತೆ.”

“ಆ ಮುದುಕನಿಗೆ ಕನ್ನಡ ಬರಲ್ಲ ಅಂತ ಅವನು ಹೇಳಿದ್ದನ್ನು ನಂಬಿಬಿಟ್ರಾ?”

“ನಂಬಬೇಡಿ ಸರ್. ಕರೆಸಿ, ಒಂದು ಸಾಲು ಬರೆಸಿ. ಈ ಹುಡುಗೀನೂ ಇಲ್ಲೇ ಇದ್ದಾಳೆ. ಯಾವ ವಿಷಯ ಬೇಕಾದರೂ ಕೊಡಿ, ನಿಮ್ಮ ಕಣ್ಣೆದುರೇ ಬರೀಲಿ.”

ನನ್ನ ಕಡೆ ನೋಡುತ್ತಿದ್ದ ಸದಸ್ಯರು ಅರ್ಚನಳಿಗೆ ಹಾಳೆ ಕೊಟ್ಟರು. “ಬರೀಮ್ಮಾ. ಈ ಕೋಣೆ ಬಗ್ಗೆ ನಾಲ್ಕು ಸಾಲು.” ಅವಳು ಗೋಡೆಗೆ ಹಾಳೆ ಒತ್ತಿ, ನಿಂತೇ ಬರೆದಳು. ಅವರು ಗಟ್ಟಿಯಾಗಿ ಓದಿದರು:

“ಈ ಕೋಣೆಯಲ್ಲಿ ಎಂಟು ಕುರ್ಚಿಗಳಿವೆ. ಐದು ಜನ ಕೂತಿದ್ದಾರೆ. ಇಬ್ಬರು ನಿಂತಿದ್ದೇವೆ. ಮೂರು ಕುರ್ಚಿ ಯಾರಿಗೆ ಕಾಯುತ್ತಿವೆ?”

ಓದಿ ಹಾಳೆಯನ್ನು ಮೇಜಿನ ಮೇಲಿಟ್ಟರು. ಆಮೇಲೆ ಆ ಸದಸ್ಯರೇ ಎದ್ದು ಒಂದು ಕುರ್ಚಿಯನ್ನು ಸೆಲ್ವರಾಜ್ ಕಡೆ ಎಳೆದರು. ಅವರು ಕೂರಲಿಲ್ಲ, ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತರು.

ಕಾರ್ಯದರ್ಶಿಗೆ ಸಿಟ್ಟು ಬಂತು. “ಆಯ್ತು, ಇವಳೇ ಬರೆದಿದ್ದು ಅಂತಿಟ್ಕೊಳ್ಳೋಣ. ಬರೆದಿರೋದು ನಿಜಾನಾ? ಹನ್ನೊಂದು ವರ್ಷ ಒಂದು ಲೋಟ ನೀರು ಕುಡೀದೆ ಇರೋ ಮೇಡಂ ಯಾರು ಈ ಕಾಲೇಜಲ್ಲಿ? ಜನರನ್ನು ಎತ್ತಿಕಟ್ಟೋಕೆ ಕಟ್ಟಿರೋ ಕಥೆ.”

ಅರ್ಚನ ಬಾಯಿ ತೆರೆದಳು, ನನ್ನ ಮುಖ ನೋಡಿ ಮುಚ್ಚಿದಳು. ಅವಳು ಹೇಳುವುದಿಲ್ಲವೆಂದು ಗೊತ್ತಾಯಿತು. ಸಸ್ಪೆಂಡ್ ಆದರೂ ಹೇಳುತ್ತಿರಲಿಲ್ಲ.

“ಅದು ನಾನು ಸರ್” ಎಂದೆ. “2014ರ ಆಗಸ್ಟಿನಲ್ಲಿ ಒಂದು ಸಲ ಕೀ ಕೇಳಿದ್ದೆ. ಹನ್ನೆರಡು ನಿಮಿಷ ಅಂತ ಆಫೀಸಿನವರು ಬರೆದಿಟ್ಟಿದ್ದಾರೆ. ರಿಜಿಸ್ಟರ್ ತರಿಸಿ ನೋಡಿ. ಆಮೇಲೆ ಕೇಳಲಿಲ್ಲ, ನೀರು ಕುಡಿಯೋದನ್ನೇ ಬಿಟ್ಟೆ. ಇವರು ನನ್ನನ್ನು ನೋಡಿ ನೋಡಿ ಅದನ್ನೇ ಕಲಿತರು. ಕನ್ನಡಕ್ಕಿಂತ ಚೆನ್ನಾಗಿ ನಾನು ಕಲಿಸಿದ್ದು ಅದೊಂದೇ ಅಂತ ಕಾಣುತ್ತೆ.”

ತೀರ್ಮಾನ ಆಮೇಲೆ ತಿಳಿಸುತ್ತೇವೆಂದು ಕಾರ್ಯದರ್ಶಿ ಎದ್ದರು.

ಹೊರಗೆ ಬಂದ ಮೇಲೆ ಸೆಲ್ವರಾಜ್ ಕೈ ಮುಗಿದರು. ನಾನೂ ಮುಗಿದೆ. ಬಂಗಾರಪೇಟೆ ಬಸ್ಸು ಬಂತು.

ಮಾರ್ಚ್ 4, ಮಂಗಳವಾರ

ಸಸ್ಪೆಂಡ್ ಇಲ್ಲ. ಅರ್ಚನಳನ್ನು ಸಂಪಾದಕಿ ಸ್ಥಾನದಿಂದ ತೆಗೆದಿದ್ದಾರೆ. ‘ಗಣಿದೀಪ’ ಮುಂದಿನ ಸೂಚನೆಯವರೆಗೆ ನಿಂತಿದೆ. ತರಗತಿಯಲ್ಲಿ ಅವಳು ಎಂದಿನ ಜಾಗದಲ್ಲೇ ಕೂತಿದ್ದಳು. ಹಾಜರಿ ಕರೆದಾಗ ಬೇರೆ ದಿನಕ್ಕಿಂತ ಜೋರಾಗಿ ‘ಎಸ್ ಮೇಡಂ’ ಎಂದಳು.

ಮಾರ್ಚ್ 17, ಸೋಮವಾರ

ತಪಾಸಣಾ ಸಮಿತಿ ಬರಲು ಇನ್ನು ನಾಲ್ಕು ದಿನ. ಇವತ್ತು ಬೆಳಿಗ್ಗೆ ನೋಡಿದರೆ ಟಾಯ್ಲೆಟ್ ಬಾಗಿಲಲ್ಲಿ ಬೀಗವಿಲ್ಲ. ಚಿಲಕಕ್ಕೆ ಹೊಸ ಬಣ್ಣ. ಆಫೀಸಿನಲ್ಲಿ ರಿಜಿಸ್ಟರೂ ಇಲ್ಲ. ಯಾವ ನೋಟಿಸೂ ಬರಲಿಲ್ಲ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಕಾರಿಡಾರಿನ ನಲ್ಲಿಯ ಹತ್ತಿರ ಹುಡುಗಿಯರ ಸಾಲು. ಬಾಟಲಿಗಳನ್ನು ತುಂಬಿಸಿಕೊಳ್ಳುತ್ತಿದ್ದರು, ಒಬ್ಬಳು ಇನ್ನೊಬ್ಬಳ ಮೇಲೆ ಚಿಮುಕಿಸಿದಳು. ಟ್ಯಾಂಕರ್ ನೀರು ಎರಡೇ ದಿನಕ್ಕೆ ಖಾಲಿಯಾಗುತ್ತದೆಂದು ಮುನೇಶ್ ಗೊಣಗಿದರು. ಖಾಲಿಯಾಗಲಿ. ಮೂರನೆಯ ಟ್ಯಾಂಕರಿಗೆ ಅರ್ಜಿ ನಾನೇ ಬರೆದುಕೊಡುತ್ತೇನೆ ಎಂದೆ.

ಜೂನ್ 9, ಸೋಮವಾರ

ಪಟ್ಟಿ ಹಾಕಿದ್ದಾರೆ. ನನ್ನ ಹೆಸರಿಲ್ಲ.

ಗೊತ್ತಿದ್ದದ್ದೇ. ಆದರೂ ನೋಟಿಸ್ ಬೋರ್ಡಿನ ಮುಂದೆ ಎರಡು ಸಲ ಮೇಲಿನಿಂದ ಕೆಳಗೆ ಓದಿದೆ. ಮನೆಗೆ ಬಂದು ಅತ್ತೆಗೆ ಹೇಳಿದೆ. “ಆಗ್ಲಿ ಬುಡು, ಮಲ್ಕೋ ಒಂದ್ಗಳಿಗೆ” ಎಂದರು. ಮಲಗಿದೆ. ಅಳು ಬಂತು, ಅತ್ತುಬಿಟ್ಟೆ. ನಮ್ಮವರು ಅಂಗಡಿಯಿಂದ ಬೇಗ ಬಂದು ಪಕ್ಕದಲ್ಲಿ ಕೂತರು. ನಾನು ಹೇಳಿದ್ದೆ ತಾನೆ ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ಅದಕ್ಕೆ ಅವರಿಗೆ ನಾನು ಋಣಿ.

ಜೂನ್ 11, ಬುಧವಾರ

ಬಂಗಾರಪೇಟೆಯ ಒಂದು ಕಾಲೇಜಿನಲ್ಲಿ ಶುಕ್ರವಾರ ಸಂದರ್ಶನವಿದೆ. ಅನುಭವ ಪತ್ರ ಬೇಕು. ಹೋಗಿ ಕೇಳಿದೆ. ಚಲಪತಿ ಸರ್ ಮೊದಲೇ ಟೈಪ್ ಮಾಡಿಸಿ ಇಟ್ಟಿದ್ದರು. ಕುರ್ಚಿ ತೋರಿಸಿದರು, ಟೀ ತರಿಸಿದರು.

ಪತ್ರದಲ್ಲಿ ಹೀಗಿತ್ತು: ‘ಶ್ರೀಮತಿ ಸುಮಲತ ಕೆ. ಇವರು 2014ರಿಂದ 2025ರವರೆಗೆ ದಕ್ಷತೆಯಿಂದ ಸೇವೆ ಸಲ್ಲಿಸಿ, ವೈಯಕ್ತಿಕ ಕಾರಣಗಳಿಂದ ಕೆಲಸ ಬಿಟ್ಟಿರುತ್ತಾರೆ.’

“ಇದು ಸರಿಯಿಲ್ಲ ಸರ್.”

“ನಿಮ್ಮ ಒಳ್ಳೇದಕ್ಕೇ ಬರೆಸಿದ್ದು ಮೇಡಂ. ಬೇರೆ ಥರ ಇದ್ದರೆ ಅಲ್ಲಿ ನೂರೆಂಟು ಪ್ರಶ್ನೆ ಬರುತ್ತೆ.”

“ಬರಲಿ. ನಾನು ಬಿಡಲಿಲ್ಲ.”

ಅವರು ನಿಟ್ಟುಸಿರು ಬಿಟ್ಟು ಬೆಲ್ ಒತ್ತಿ, ತಿದ್ದಿಸಿ ತರಿಸಿದರು. ಈ ಸಲ: ‘2014ರಿಂದ 2025ರವರೆಗೆ ಸೇವೆ ಸಲ್ಲಿಸಿರುತ್ತಾರೆ. ಪ್ರಸಕ್ತ ಸಾಲಿಗೆ ಮುಂದುವರಿಸಿರುವುದಿಲ್ಲ.’

ಓದಿ ವಾಪಸ್ ಮೇಜಿನ ಮೇಲಿಟ್ಟೆ.

“ಈಗೇನು ಮೇಡಂ?”

“ಯಾರು ಮುಂದುವರಿಸಿಲ್ಲ ಸರ್? ವಾಕ್ಯಕ್ಕೆ ಕರ್ತೃಪದ ಇಲ್ಲ.”

ಹೊರಗೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರ ಗಲಾಟೆ, ಫೀಸ್ ಕೌಂಟರಿನ ಮುಂದೆ ಸಾಲು ಬೆಳೆಯುತ್ತಿತ್ತು. ಸರ್ ಈ ಸಲ ಬೆಲ್ ಒತ್ತಲಿಲ್ಲ. ಜೇಬಿನಿಂದ ಪೆನ್ನು ತೆಗೆದು, ‘ಪ್ರಸಕ್ತ ಸಾಲಿಗೆ’ ಎಂಬುದರ ಮುಂದೆ ಬಾಣದ ಗುರುತು ಹಾಕಿ, ಮೇಲೆ ಸಣ್ಣ ಅಕ್ಷರದಲ್ಲಿ ‘ಆಡಳಿತ ಮಂಡಳಿಯು ಇವರನ್ನು’ ಎಂದು ಸೇರಿಸಿದರು. ಪಕ್ಕದಲ್ಲಿ ಚಿಕ್ಕ ಸಹಿ, ಕೆಳಗೆ ದೊಡ್ಡ ಸಹಿ, ಅದರ ಮೇಲೆ ಸೀಲು.

“ಇದನ್ನ ತೋರಿಸ್ತೀರಾ ಅಲ್ಲಿ?”

“ತೋರಿಸ್ತೀನಿ ಸರ್” ಎಂದು, ಶಾಯಿ ಆರುವವರೆಗೆ ಕಾದು ಕೂತೆ.